ಮಗಳಿಗೊಂದು ಪತ್ರ: ಮನೆ ಅವರದು, ಸಾಮಾನು ನಿನ್ನದು

ನವನಗರ, ಬಾಗಲಕೋಟೆ

ಅವ್ವಿ,

ಬೆಳಗಾವಿಯ ಹೊಸ ಮನೆಗೆ ಸಾಮಾನೆಲ್ಲ ಸೇರಿಸಿದೆ ಅಂದೆ, ಸಂತೋಷ. ಆದರೆ "ಓನರ್ ಇನ್ಶೂರೆನ್ಸ್ ಮಾಡಿಸಿದ್ದಾರಂತೆ, ಚಿಂತೆಯಿಲ್ಲ ಅಪ್ಪಾ" ಅಂದೆಯಲ್ಲ, ಆ ಮಾತು ನನ್ನ ತಲೆಯಲ್ಲೇ ಕೂತಿದೆ. ಅವರ ವಿಮೆ ಅವರ ಗೋಡೆಗೆ, ಅವರ ಛಾವಣಿಗೆ. ನಿನ್ನ ಲ್ಯಾಪ್‌ಟಾಪ್ ಸುಟ್ಟುಹೋದರೆ ಅದರಲ್ಲಿ ನಿನಗೆ ನಯಾಪೈಸೆ ಬರುವುದಿಲ್ಲ.

2019ರ ಆಗಸ್ಟ್ ಮಳೆ ನೆನಪಿದೆಯಲ್ವಾ? ಇಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳಿಗೇ ನೀರು ಹೊಕ್ಕಿತ್ತು. ನಿನ್ನ ಬೆಳಗಾವಿಯಲ್ಲಿ ಬಳ್ಳಾರಿ ನಾಲಾ ತುಂಬಿ ಮನೆಗಳೊಳಗೆ ನೀರು ನಿಂತಿತ್ತು. ಸರ್ಕಾರ ತಕ್ಷಣದ ಖರ್ಚಿಗೆ 10 ಸಾವಿರ ಕೊಟ್ಟಿತು. ಪೂರ್ತಿ ಬಿದ್ದ ಮನೆ ಮತ್ತೆ ಕಟ್ಟಿಕೊಳ್ಳಲು 5 ಲಕ್ಷ ಅಂತ ಘೋಷಿಸಿತು. ಆ 5 ಲಕ್ಷ ಮನೆ ಇದ್ದವರಿಗೆ. ಬಾಡಿಗೆಗೆ ಇದ್ದವರು ತೊಯ್ದ ಗಾದಿ, ಕೆಟ್ಟ ಮಿಕ್ಸರು, ಮಕ್ಕಳ ಪುಸ್ತಕ ಎಲ್ಲವನ್ನೂ ಆ 10 ಸಾವಿರದಲ್ಲೇ ನೋಡಿಕೊಳ್ಳಬೇಕಿತ್ತು.

ನನ್ನ ಹತ್ತಿರ ಅಂಥದ್ದೇನಿದೆ ಅನ್ನಬೇಡ. ಇವತ್ತು ಸಂಜೆ ಕಪಾಟು ತೆಗೆದು ನೋಡು. ಅವ್ವ ಕೊಟ್ಟ ಕೆಂಪು ಸೆರಗಿನ ಇಳಕಲ್ ಸೀರೆಗಳನ್ನು ನೀನು ಕೆಳಗಿನ ಖಾನೆಯಲ್ಲಿ ಇಟ್ಟಿರುತ್ತೀಯ, ನನಗೆ ಗೊತ್ತು. ನೀರು ಬಂದರೆ ಮೊದಲು ತೊಯ್ಯುವುದು ಅದೇ ಖಾನೆ. ಆಮೇಲೆ ಫ್ರಿಜ್, ವಾಷಿಂಗ್ ಮಷೀನ್, ಹೊಲಿಗೆ ಯಂತ್ರ, ಮಂಚ. ಎಲ್ಲಕ್ಕೂ ಇವತ್ತಿನ ಅಂಗಡಿ ಬೆಲೆ ಬರೆದು ಕೂಡಿಸು. ಫ್ರಿಜ್ಜನ್ನಂತೂ ಕಂತಿನ ಮೇಲೆ ತಗೊಂಡಿದ್ದೀಯ. ಫ್ರಿಜ್ ಹಾಳಾಯಿತು ಅಂತ ಕಂತು ನಿಲ್ಲುತ್ತದೆಯೇ?

ಮನೆಗೆ ವಿಮೆ ಮಾಡುವ ಕಂಪನಿಗಳೆಲ್ಲ 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಅನ್ನೋ ಒಂದೇ ನಮೂನೆಯ ಪಾಲಿಸಿ ಕೊಡಬೇಕು ಅಂತ, ವಿಮಾ ಕಂಪನಿಗಳ ಮೇಲೆ ನಿಗಾ ಇಡುವ ಐಆರ್‌ಡಿಎಐ ಸಂಸ್ಥೆ ನಿಯಮ ಮಾಡಿತು. ಮನೆ ನಮ್ಮದಲ್ಲದಿದ್ದರೂ ಬರೀ ಮನೆಸಾಮಾನಿಗೆ ಇದನ್ನು ತಗೋಬಹುದು. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಭೂಕಂಪ, ಗಲಭೆ, ನೀರಿನ ಟಾಕಿ ಒಡೆಯುವುದು, ಇವೆಲ್ಲ ಅದರಲ್ಲಿ ಬರುತ್ತವೆ.

ಕಳವಿನ ವಿಷಯ ಮಾತ್ರ ಸರಿಯಾಗಿ ತಿಳಿದುಕೋ. ಯಾರೋ ಬೀಗ ಒಡೆದು ಕದ್ದೊಯ್ದರು ಅಂತಿಟ್ಟುಕೋ, ಈ ಪಾಲಿಸಿಯಲ್ಲಿ ಅದಕ್ಕೆ ಹಣವಿಲ್ಲ. ಬೆಂಕಿಯೋ ಪ್ರವಾಹವೋ ಆಗಿ, ಅದರ ಬೆನ್ನಿಗೇ 7 ದಿನದೊಳಗೆ ಕಳವಾದರೆ ಮಾತ್ರ ಸಿಗುತ್ತದೆ. ನೀನು ಪಂಚಮಿಗೆ, ದೀಪಾವಳಿಗೆ ಮನೆಗೆ ಬೀಗ ಹಾಕಿ ಊರಿಗೆ ಬರುವವಳು. ಕಳವಿನ ವಿಮೆಯನ್ನು ಬೇರೆಯಾಗಿ ಸೇರಿಸಿಕೊಳ್ಳಲೇಬೇಕು. ಏಜೆಂಟರು ತಾವಾಗಿ ಹೇಳಲಿ ಅಂತ ಕಾಯಬೇಡ, ನೀನೇ ಕೇಳು. ಬಂಗಾರಕ್ಕೂ ಹಾಗೇ, ಬೇರೆಯಾಗಿ ಬೆಲೆ ಬರೆಸಬೇಕು. ಇನ್ನೊಂದು, ಶಾರ್ಟ್ ಸರ್ಕ್ಯೂಟ್ ಆಗಿ ಫ್ರಿಜ್ ಒಂದೇ ಕೆಟ್ಟರೆ ಅದು ಕ್ಲೇಮಿಗೆ ಬರುವುದಿಲ್ಲ. ಅದರಿಂದ ಬೆಂಕಿ ಹತ್ತಿ ಬೇರೆ ಸಾಮಾನು ಸುಟ್ಟರೆ ಆ ಸಾಮಾನಿಗೆ ಬರುತ್ತದೆ.

ಬಿಲ್ಲುಗಳ ಫೋಟೊ ತೆಗೆದು ನನಗೂ ಕಳಿಸಿಡು. ನಷ್ಟ ಎಷ್ಟಾಯಿತು ಅಂತ ನೋಡಲು ಕಂಪನಿ ಕಳಿಸುವ ಸರ್ವೇಯರ್ ಬಂದಾಗ ಬಾಯಿಮಾತು ನಡೆಯುವುದಿಲ್ಲ.

ಬಂಗಾರ ಬಿಟ್ಟು ಬರೀ ಸಾಮಾನಿಗೆ ವರ್ಷದ ಪ್ರೀಮಿಯಂ ನಿನ್ನ ಒಂದು ತಿಂಗಳ ಬಾಡಿಗೆಗಿಂತ ಎಷ್ಟೋ ಕಡಿಮೆ. ಎರಡು ಮೂರು ಕಂಪನಿಗಳಲ್ಲಿ ಕೇಳಿ ನೋಡು. ಸಹಿ ಹಾಕುವ ಮೊದಲು ಕಾಗದ ನನಗೆ ಕಳಿಸು, ಓದುತ್ತೇನೆ. ಮೊದಲ ವರ್ಷದ ಹಣ ನಾನು ಕಟ್ಟುತ್ತೇನೆ, ಬೇಡ ಅನ್ನಬೇಡ.

ನಿನ್ನ
ಅಪ್ಪ