ಶಿಯರ್ ಪರೀಕ್ಷೆಯ ವರದಿಯಲ್ಲಿ ಬಿರುಕಿನ ಜಾಗವೂ ಇರಲಿ

ಮಾನ್ಯರೇ,

ಶೀಟ್ ಮೆಟಲ್ ಬಿಡಿಭಾಗ ತಯಾರಿಸುವ ಕಾರ್ಖಾನೆಗಳು ಹಾಳೆಯ ಗುಣವನ್ನು ಅರಿಯಲು ಬಹುಮಟ್ಟಿಗೆ ಎಳೆತ ಪರೀಕ್ಷೆಯನ್ನೇ ನೆಚ್ಚಿಕೊಂಡಿವೆ. ಅದರಲ್ಲಿ ಮಾದರಿ ಪಟ್ಟಿಯು ಒಂದು ಹಂತದ ನಂತರ ಒಂದೆಡೆ ಸಣ್ಣಗಾಗುವುದರಿಂದ, ಅಲ್ಲಿಂದಾಚೆಯ ಅಂಕಿಗಳನ್ನು ನೇರವಾಗಿ ಬಳಸಲು ಬರುವುದಿಲ್ಲ. ಪ್ರೆಸ್ಸಿನಲ್ಲಿ ಹಾಳೆ ಕೆಲವೆಡೆ ಅದಕ್ಕಿಂತ ಎಷ್ಟೋ ಹೆಚ್ಚು ರೂಪಗೆಡುತ್ತದೆ. ಹಾಳೆಯ ಒಂದು ಭಾಗವನ್ನು ಪಕ್ಕದ ಭಾಗಕ್ಕೆ ಸಮಾನಾಂತರವಾಗಿ ಸರಿಸುವ ಶಿಯರ್ ಪರೀಕ್ಷೆಗೆ ಈ ತೊಡಕಿಲ್ಲ. ತಕ್ಕ ಹಿಡಿಕೆಯಿದ್ದರೆ ಬಲದ ದಿಕ್ಕನ್ನು ತಿರುಗಿಸಿ ಒಂದು ದಿಕ್ಕಿನಲ್ಲಿ ರೂಪಗೆಟ್ಟ ಲೋಹ ಎದುರು ದಿಕ್ಕಿನಲ್ಲಿ ಬೇಗ ಮಣಿಯುವ ಬೌಷಿಂಗರ್ ಪರಿಣಾಮವನ್ನೂ ಅಳೆಯಬಹುದು. ಡೈಯಿಂದ ಹೊರಬಂದ ಭಾಗ ಎಷ್ಟು ಹಿಂದಕ್ಕೆ ಪುಟಿಯುತ್ತದೆ ಎಂಬ ಲೆಕ್ಕಕ್ಕೆ ಆ ಮಾಹಿತಿ ಬೇಕೇ ಬೇಕು.

ಆದರೆ ಪ್ರಯೋಗಾಲಯದ ವಿಧಾನಗಳು ಹಾಗೆಯೇ ಕಾರ್ಖಾನೆಗೆ ಒಗ್ಗುವುದಿಲ್ಲ. ಮಿಯಾವುಚಿ ಎಂಬ ಸಂಶೋಧಕರ ಹೆಸರಿನ ಶಿಯರ್ ಮಾದರಿ ಪಟ್ಟಿಗೆ ವಿಶೇಷ ಹಿಡಿಕೆ ಬೇಕು, ತಿರುಚು ಪರೀಕ್ಷೆಗೆ ಬೇರೆ ಸಲಕರಣೆಯೇ ಬೇಕು. ಎಎಸ್‌ಟಿಎಂ (ಅಮೆರಿಕದ ಮಾನದಂಡ ಸಂಸ್ಥೆ) ಬಿ831 ಮಾನದಂಡದ ಹಾದಿ ಸರಳ: ಪಟ್ಟಿಯ ಎರಡು ಬದಿಗಳಿಂದ ಸೀಳು ಕೊರೆದು ಸಾಮಾನ್ಯ ಎಳೆತ ಯಂತ್ರದಲ್ಲಿ ಎಳೆದರೆ, ಸೀಳುಗಳ ನಡುವಿನ ಕಿರುಜಾಗದಲ್ಲಿ ಶಿಯರ್ ಉಂಟಾಗುತ್ತದೆ. ಅದು ತೆಳು ಅಲ್ಯೂಮಿನಿಯಂ ಮಿಶ್ರಲೋಹಗಳಿಗಾಗಿ ಬರೆದದ್ದು, ಕೊಡುವುದು ಗರಿಷ್ಠ ಶಿಯರ್ ಸಾಮರ್ಥ್ಯವನ್ನು. ಉಕ್ಕಿನ ಹಾಳೆಗೆ ಅದೇ ಆಕಾರ, ಅಳತೆಗಳ ನಕ್ಷೆಯನ್ನು ಪರಿಶೀಲಿಸದೆ ಬಳಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ನಿಜವಾದ ತಕರಾರು ಇರುವುದು ಅಂಚಿನಲ್ಲಿ. ಎಳೆಯುತ್ತ ಹೋದಂತೆ ಶಿಯರ್ ಜಾಗ ಸ್ವಲ್ಪ ತಿರುಗಿ, ಸೀಳಿನ ಕೊನೆಯಲ್ಲಿ ಎಳೆತ ಹೆಚ್ಚುತ್ತದೆ. ಅಲ್ಲಿ ಕೊರೆತದ ಒರಟು ಉಳಿದಿದ್ದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಆಗ ಸಿಕ್ಕ ಅಂಕಿ ಹಾಳೆಯದಲ್ಲ, ಕೊರೆದವರ ಕೈಚಳಕದ್ದು. ಹಾಗೆಯೇ ಯಂತ್ರದ ಅಡ್ಡಪಟ್ಟಿ ಚಲಿಸಿದ ದೂರದಲ್ಲಿ ಹಿಡಿಕೆಯ ಜಾರಿಕೆ, ಯಂತ್ರದ ಬಾಗು ಎಲ್ಲವೂ ಸೇರಿಕೊಂಡಿರುವುದರಿಂದ ಅದನ್ನು ಶಿಯರ್ ವಿರೂಪವೆಂದು ಬರೆಯಬಾರದು. ಚುಕ್ಕಿ ಸಿಂಪಡಿಸಿ ಕ್ಯಾಮೆರಾದಿಂದ ಅಳೆಯುವುದು ಉತ್ತಮ. ಆ ಅನುಕೂಲವಿಲ್ಲದವರು ಶಿಯರ್ ದಿಕ್ಕಿಗೆ ಲಂಬವಾಗಿ ಒಂದು ಸಣ್ಣ ಗೆರೆ ಗೀರಿ, ನಡುನಡುವೆ ಫೋಟೊ ತೆಗೆದು ಅದು ವಾಲಿದ ಕೋನವನ್ನು ನೋಡಬಹುದು. ಗೆರೆ 45 ಡಿಗ್ರಿ ವಾಲಿದರೆ ಶಿಯರ್ ವಿರೂಪ 1, ಶಿಯರನ್ನು ಎಳೆತಕ್ಕೆ ಹೋಲಿಸುವ ವಾನ್ ಮೀಸೆಸ್ ಲೆಕ್ಕದಲ್ಲಿ ಅದಕ್ಕೆ ಸಮಾನವಾದ ಎಳೆತದ ವಿರೂಪ ಸುಮಾರು 0.58.

ಆದ್ದರಿಂದ ಹಾಳೆ ಮಾರುವವರೂ ಕೊಳ್ಳುವವರೂ ಒಂದೇ ಮಾದರಿ ನಕ್ಷೆಗೆ ಒಪ್ಪಿ, ಸೀಳು ಕೊರೆದ ವಿಧಾನ, ಹಾಳೆಯ ರೋಲಿಂಗ್ ದಿಕ್ಕು (ತಯಾರಿಯಲ್ಲಿ ಹಾಳೆ ಉರುಳೆಗಳ ನಡುವೆ ಸಾಗಿದ ದಿಕ್ಕು) ಹಾಗೂ ಬಿರುಕು ಮೊದಲು ಕಾಣಿಸಿದ ಜಾಗ ಇವಿಷ್ಟನ್ನು ವರದಿಯಲ್ಲಿ ಕಡ್ಡಾಯವಾಗಿ ನಮೂದಿಸಬೇಕು. ಬಿರುಕು ಅಂಚಿನಿಂದ ಹೊರಟಿದ್ದರೆ ಆ ಫಲಿತಾಂಶವನ್ನು ಹಾಳೆಯ ಮುರಿತದ ಮಿತಿಯೆಂದು ಸ್ವೀಕರಿಸಬಾರದು.

– ಲೋಹ ಪರೀಕ್ಷಣಾ ಕ್ಷೇತ್ರದ ಓದುಗ