ಅನು ಸ್ಕೂಲು ಮುಗೀತು, ಅಪ್ಪನ ಕಣ್ಣಿನ ವಿಷಯ ಬಾಕಿ ಇದೆ

ಟೋಕಿಯೋ
ಮಾರ್ಚ್ 24

ಅಮ್ಮನಿಗೆ, ಅಪ್ಪನಿಗೆ ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂತು ಅಮ್ಮಾ. ಫೋನ್ ಮಾಡಿದರೆ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ, ಏನೂ ಹೇಳೋಕಾಗಲ್ಲ, ಅದಕ್ಕೇ ಬರೆದೆ ಅಂದಿದ್ದೀಯ. ಅಪ್ಪನ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮುಂದಕ್ಕೆ ಹಾಕುತ್ತಲೇ ಇದ್ದಾರೆ ಅನ್ನುವುದು ಕಾಗದ ನೋಡಿಯೇ ತಿಳಿಯಿತು. ಒಳ್ಳೇದೇ ಆಯ್ತು. ನಾನೂ ಕಾಗದದಲ್ಲೇ ಬರೆಯುತ್ತಿದ್ದೇನೆ. ಇದನ್ನು ಗುರು ಕೈಯಲ್ಲಿ ಓದಿಸು, ಅಪ್ಪನ ಎದುರಿಗೇ ಓದಲಿ.

ಮೊದಲು ಅನು ವಿಷಯ ಹೇಳಿಬಿಡುತ್ತೇನೆ. ಮೊನ್ನೆ ಅವಳ ಮಿಡ್ಲ್ ಸ್ಕೂಲು ಮುಗಿಯಿತು. ಎಸ್‌ಎಸ್‌ಎಲ್‌ಸಿ ಇಲ್ಲದ ಊರಿನಲ್ಲಿ ಮಗು ಏನು ಓದುತ್ತೆ ಅಂತ ನೀನು ಪ್ರತಿ ಸಲ ಕೇಳುತ್ತೀಯಲ್ವಾ, ಇಲ್ಲಿ ಆರು ವರ್ಷ ಪ್ರೈಮರಿ, ಆಮೇಲೆ ಮೂರು ವರ್ಷ ಮಿಡ್ಲ್ ಸ್ಕೂಲು. ಈ ಒಂಬತ್ತು ವರ್ಷ ಎಲ್ಲ ಮಕ್ಕಳಿಗೂ ಕಡ್ಡಾಯ. ಹೊರದೇಶದವರಿಗೆ ಕಡ್ಡಾಯ ಇಲ್ಲ, ಆದರೆ ಕೇಳಿದರೆ ಸೇರಿಸಿಕೊಳ್ಳುತ್ತಾರೆ. ಫೀಸಿಲ್ಲ, ಪಠ್ಯಪುಸ್ತಕವೂ ಪುಕ್ಕಟೆ. ಹೈಸ್ಕೂಲಿಗೆ ಮಾತ್ರ ಪರೀಕ್ಷೆ ಬರೆದೇ ಹೋಗಬೇಕು. ಜಪಾನಿ, ಲೆಕ್ಕ, ಇಂಗ್ಲಿಷ್, ವಿಜ್ಞಾನ, ಸಮಾಜ, ಐದೂ ಬರೆದಳು, ಅದೂ ಜಪಾನಿ ಭಾಷೆಯಲ್ಲಿ, ಇಲ್ಲಿನ ಮಕ್ಕಳ ಜೊತೆಗೆ. ಸರ್ಕಾರಿ ಹೈಸ್ಕೂಲಿನಲ್ಲಿ ಸೀಟು ಸಿಕ್ಕಿದೆ. ಏಪ್ರಿಲ್‌ನಲ್ಲಿ ಶುರು. ಶಾಂತತ್ತೆ ಕೇಳಿದರೆ ಇದನ್ನು ಚೆನ್ನಾಗಿ ಬಿಡಿಸಿ ಹೇಳು.

ಬೀಳ್ಕೊಡುಗೆ ದಿನ ನಿನ್ನ ಮೊಳಕಾಲ್ಮೂರು ಸೀರೆ ಉಟ್ಟುಕೊಂಡು ಹೋಗಿದ್ದೆ. ಇಲ್ಲಿನ ಅಮ್ಮಂದಿರು ಕೆಲವರು ಕಿಮೋನೋ, ಮಿಕ್ಕವರೆಲ್ಲ ಕಪ್ಪು ಕೋಟು. ಹಸಿರು ಸೀರೆ ನಾನೊಬ್ಬಳೇ. ಒಬ್ಬೊಬ್ಬರ ಹೆಸರೂ ಕೂಗುತ್ತಾರೆ, ಮಗು ಎದ್ದು 'ಹೈ', ಅಂದರೆ ಜಪಾನಿಯಲ್ಲಿ 'ಹೌದು', ಅಂತ ಗಟ್ಟಿಯಾಗಿ ಹೇಳಬೇಕು, ವೇದಿಕೆಗೆ ಹೋಗಿ ಎರಡೂ ಕೈಯಲ್ಲಿ ಸರ್ಟಿಫಿಕೇಟ್ ತಗೊಂಡು ಬಗ್ಗಬೇಕು. ಕೊನೆಗೆ ಎಲ್ಲರೂ ಸೇರಿ ಹಾಡಿದರು. ಗಂಡುಮಕ್ಕಳೂ ಅಳುತ್ತಿದ್ದರು ಅಮ್ಮಾ. ಮೇಷ್ಟ್ರೂ ಅತ್ತರು. ನಾನೂ ಇವರೂ ಅತ್ತೆವು.

ಹಾಡು ಅಂದಾಗ ನೆನಪಾಯಿತು. ಇಲ್ಲಿ ಕ್ಲಾಸು ಕ್ಲಾಸಿಗೆ ಹಾಡಿನ ಸ್ಪರ್ಧೆ ಇಡುತ್ತಾರೆ. ಮೊದಲನೇ ವರ್ಷ ಅನುಗೆ ಅಕ್ಷರವೇ ಸರಿಯಾಗಿ ಓದಲು ಬರುತ್ತಿರಲಿಲ್ಲ. ಪಕ್ಕದ ಹುಡುಗಿ ಇಡೀ ಹಾಡಿನ ಪ್ರತಿ ಕಷ್ಟದ ಅಕ್ಷರದ ಮೇಲೂ ಓದುವ ರೀತಿಯನ್ನು ಪೆನ್ಸಿಲಿನಲ್ಲಿ ಬರೆದುಕೊಟ್ಟಳು. ಅವಳಿಗೆ ಯಾರೂ ಹೇಳಿರಲಿಲ್ಲ. ಆ ಹಾಳೆ ಅನು ಇನ್ನೂ ಇಟ್ಟುಕೊಂಡಿದ್ದಾಳೆ. ಮೂರು ವರ್ಷದಲ್ಲಿ ಯಾವುದು ಜಾಸ್ತಿ ನೆನಪಿರುತ್ತೆ ಅಂತ ಕೇಳಿದ್ದಕ್ಕೆ ಅದೇ ಹಾಳೆ ತಂದು ತೋರಿಸಿದಳು.

ನಮ್ಮ ಮೊಮ್ಮಗಳ ಕೈಯಲ್ಲಿ ಸ್ಕೂಲಿನ ಕಸ ಗುಡಿಸುತ್ತಾರಂತೆ ಅಂತ ನೀನು ಬೇಜಾರು ಮಾಡಿಕೊಂಡಿದ್ದೆ. ಹೌದು, ಗುಡಿಸುತ್ತಾರೆ, ಬಟ್ಟೆಯಲ್ಲಿ ನೆಲ ಒರೆಸುತ್ತಾರೆ. ಎಲ್ಲ ಮಕ್ಕಳೂ ಮಾಡುತ್ತಾರೆ, ಡಾಕ್ಟರ ಮಗನೂ ಮಾಡುತ್ತಾನೆ. ನಾವು ಮಾಡುತ್ತಿರಲಿಲ್ವಾ? ಶನಿವಾರ ಬೆಳಿಗ್ಗೆ ಕ್ಲಾಸ್‌ರೂಮಿಗೆ ಸಗಣಿ ಸಾರಿಸಿ, ಬಾವಿಯಿಂದ ನೀರು ಹೊತ್ತು, ಗಿಡಕ್ಕೆ ಹಾಕಿ ಆಮೇಲೆ ಪಾಠ. ನಮಗೇನೂ ಕಮ್ಮಿಯಾಗಲಿಲ್ಲ. ಮಧ್ಯಾಹ್ನ ಊಟ ಬಡಿಸುವುದೂ ಮಕ್ಕಳೇ, ಬಿಳೀ ಏಪ್ರನ್ ಹಾಕಿಕೊಂಡು. ಸಾರಿನಲ್ಲೂ ಮೀನಿನ ರಸ ಇರುತ್ತದೆ, ಅದಕ್ಕೆ ಅನು ಮನೆಯಿಂದ ಡಬ್ಬಿ ಒಯ್ಯುತ್ತಿದ್ದಳು. ಯಾರೂ ಏನೂ ಅನ್ನಲಿಲ್ಲ. ನಿನ್ನ ಅಪ್ಪೆಮಿಡಿ ಉಪ್ಪಿನಕಾಯಿ ಅವಳ ಕ್ಲಾಸಿನಲ್ಲಿ ಎಲ್ಲರಿಗೂ ಗೊತ್ತು.

ಇನ್ನೊಂದು ಹೇಳಲೇಬೇಕು. ಕೊನೇ ವರ್ಷ ಎಲ್ಲರನ್ನೂ ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತಾರೆ. ಅನು ಸ್ಕೂಲಿನವರದು ಕ್ಯೋಟೋ, ನಾರಾ. ನಾರಾದಲ್ಲಿ ತೋದಾಯ್‌ಜಿ ಅಂತ ದೇವಸ್ಥಾನ ಇದೆ, ಒಳಗೆ ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧ. 752ರಲ್ಲಿ ಆ ಬುದ್ಧನಿಗೆ ಕಣ್ಣು ಬರೆದವನು ನಮ್ಮ ದೇಶದಿಂದ ಬಂದಿದ್ದ ಬೋಧಿಸೇನ ಅನ್ನುವ ಸನ್ಯಾಸಿ. ಕುಂಚಕ್ಕೆ ಉದ್ದನೆಯ ದಾರ ಕಟ್ಟಿ, ಸೇರಿದ್ದವರು ಆ ದಾರ ಹಿಡಿದುಕೊಂಡು ನಿಂತಿದ್ದರಂತೆ, ಪುಣ್ಯ ಎಲ್ಲರಿಗೂ ಬರಲಿ ಅಂತ. ಆ ಕುಂಚ ಈಗಲೂ ನಾರಾದಲ್ಲಿದೆ. ಅನು ತನ್ನ ಗುಂಪಿನವರಿಗೆ ಇದನ್ನೆಲ್ಲ ತಾನೇ ವಿವರಿಸಿದಳಂತೆ. ಇಷ್ಟು ದೂರದಲ್ಲಿ ನಮ್ಮವನೊಬ್ಬನ ಹೆಸರು ಇರುವುದು ಎಷ್ಟು ದೊಡ್ಡದು! ಆ ರಾತ್ರಿ ಫೋನ್ ಮಾಡಿ, "ಅಜ್ಜನಿಗೆ ಫೋಟೋ ಕಳಿಸಿದ್ದೀನಿ, ನೋಡಿದ್ರಾ ಕೇಳಮ್ಮಾ" ಅಂದಳು. ಅಪ್ಪನನ್ನು ಕೇಳಿದೆ. "ಬಹಳ ಚೆನ್ನಾಗಿದೆ" ಅಂದರು. ಈಗ ನಿನ್ನ ಕಾಗದ ಓದಿದ ಮೇಲೆ ಗೊತ್ತಾಗುತ್ತಿದೆ, ಆ ಫೋಟೋ ಅವರಿಗೆ ಕಂಡೇ ಇರಲಿಲ್ಲ.

ಅಮ್ಮಾ, ಪೇಪರ್ ಹಿಡಿದುಕೊಂಡು ಕೂರುತ್ತಾರೆ, ಪುಟ ಮಗುಚುವುದೇ ಇಲ್ಲ ಅಂತ ಬರೆದಿದ್ದೀಯ. ಅದನ್ನು ಓದಿ ಬೇಜಾರಾಯಿತು. ಆದರೆ ಮಾತ್ರೆ ವಿಷಯ ಓದಿ ಕೈಕಾಲೇ ಆಡಲಿಲ್ಲ. ಸಕ್ಕರೆ ಮಾತ್ರೆ ಅಂತ ಬಿಪಿ ಮಾತ್ರೆ ನುಂಗಿದರೆ ಏನಾಗಬೇಕು? ತಲೆ ಸುತ್ತಿ ಬಚ್ಚಲಲ್ಲಿ ಬಿದ್ದಿದ್ದರೆ? ಸಂಜೆ ಹೊತ್ತಿನಲ್ಲಿ ಟಿವಿಎಸ್ ತಗೊಂಡು ತೋಟಕ್ಕೆ ಬೇರೆ ಹೋಗುತ್ತಾರಂತೆ. ಗುರು, ಇದನ್ನು ಓದಿದ ಕೂಡಲೇ ಗಾಡಿಯ ಕೀಲಿ ನಿನ್ನ ಹತ್ತಿರ ಇಟ್ಟುಕೋ. ಮಾತ್ರೆ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ ಅಮ್ಮನೇ ಕೊಡಲಿ.

ಇನ್ನು ಮುಂದಿನದು ಅಪ್ಪನಿಗೆ. ಅಪ್ಪಾ, ನಿಮಗೆ ಯಾವುದರ ಹೆದರಿಕೆ ಅಂತ ನನಗೆ ಗೊತ್ತು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಸ್ಕೂಲಿನಲ್ಲೇ ಕಣ್ಣಿನ ಶಿಬಿರ ಆಗಿತ್ತು. ಬೆಂಚೆಲ್ಲ ಹೊರಗೆ ಹಾಕಿ, ಕ್ಲಾಸ್‌ರೂಮಿನಲ್ಲಿ ಸಾಲಾಗಿ ಚಾಪೆ ಹಾಸಿದ್ದರು. ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ ಹೀಗೇ ಶಿಬಿರ ಮಾಡಿ ಲಕ್ಷಾಂತರ ಜನಕ್ಕೆ ಕಣ್ಣು ಕೊಟ್ಟ ಕಥೆಯನ್ನು ಆಗ ಹೆಡ್‌ಮೇಷ್ಟ್ರು ಪ್ರಾರ್ಥನೆ ಹೊತ್ತಿನಲ್ಲಿ ಹೇಳಿದ್ದರು. ನಮಗೆ ಪಾಠ ಇಲ್ಲ, ಆದರೂ ದಿನಾ ಹೋಗುತ್ತಿದ್ದೆವು, ನೀರು ತಂದುಕೊಡಲು. ಗಲಾಟೆ ಮಾಡುವ ಹಾಗಿಲ್ಲ. ಅಜ್ಜಿಯನ್ನು ಮಲಗಿಸಿದ್ದು ನನ್ನದೇ ಕ್ಲಾಸಿನಲ್ಲಿ, ಬೋರ್ಡಿನ ಕೆಳಗೆ. ಕಣ್ಣಿಗೆ ಪಟ್ಟಿ, ಕೆಮ್ಮುವ ಹಾಗಿಲ್ಲ, ತಲೆ ಅಲ್ಲಾಡಿಸುವ ಹಾಗಿಲ್ಲ. ಅಜ್ಜಿಗೋ ದಮ್ಮಿನ ಕೆಮ್ಮು. ನೀವು ರಾತ್ರಿಯೆಲ್ಲ ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಿರಿ. ನನ್ನ ಮಿಡ್ಲ್ ಸ್ಕೂಲಿನ ನೆನಪು ಅಂದರೆ ಪಬ್ಲಿಕ್ ಪರೀಕ್ಷೆ ಅಲ್ಲ, ಖೋಖೋ ಪಂದ್ಯವೂ ಅಲ್ಲ, ನೀವು ಹಾಗೆ ಕೂತಿದ್ದದ್ದೇ ಮೊದಲು ನೆನಪಾಗುತ್ತದೆ. ಆಮೇಲೆ ದಪ್ಪ ಕನ್ನಡಕ ಹಾಕಿಕೊಂಡು ಅಜ್ಜಿ ನನ್ನ ಜಡೆ ಹಿಡಿದು "ಎಷ್ಟು ಉದ್ದ ಆಗಿದೆಯೇ" ಅಂದಿದ್ದೂ ನೆನಪಿದೆ. ಅವಳಿಗೆ ಕಣ್ಣು ಬಂತು ಅಪ್ಪಾ. ಅಷ್ಟು ಕಷ್ಟದ ಕಾಲದಲ್ಲೂ ಬಂತು.

ಈಗ ಹಾಗೇನೂ ಇಲ್ಲ. ಆಗ ಪೊರೆ ತೆಗೆದು ಲೆನ್ಸ್ ಹಾಕದೆ ಕಳಿಸುತ್ತಿದ್ದರು, ಅದಕ್ಕೇ ಅಂಥ ದಪ್ಪ ಕನ್ನಡಕ. ಈಗ ಕಣ್ಣಿಗೆ ಮರಗಟ್ಟುವ ಔಷಧಿ ಬಿಟ್ಟು, ಒಂದು ಸಣ್ಣ ಸೀಳು ಮಾಡಿ, ಪೊರೆ ಕಟ್ಟಿದ ಲೆನ್ಸನ್ನು ಪುಡಿ ಮಾಡಿ ತೆಗೆದು, ಮಡಿಚಿದ ಹೊಸ ಲೆನ್ಸನ್ನು ಅದೇ ಜಾಗಕ್ಕೆ ಕೂರಿಸುತ್ತಾರೆ. ಸಾಮಾನ್ಯವಾಗಿ ಹೊಲಿಗೆ ಇರುವುದಿಲ್ಲ. ಅವತ್ತೇ ಮನೆಗೆ ಬರಬಹುದು. ಕೆಲವು ವಾರ ಡ್ರಾಪ್ಸ್ ಬಿಟ್ಟುಕೊಳ್ಳಬೇಕು, ಡಾಕ್ಟರು ಹೇಳುವ ತನಕ ಕಣ್ಣಿಗೆ ನೀರು ತಾಗಿಸಬಾರದು, ಉಜ್ಜಬಾರದು, ತೋಟಕ್ಕೆ ಹೋಗಬಾರದು. ಅಷ್ಟೆ. ಪೊರೆ ಚೆನ್ನಾಗಿ ಬಲಿಯಲಿ ಆಮೇಲೆ ನೋಡೋಣ ಅನ್ನುತ್ತೀರಂತೆ. ಅದೆಲ್ಲ ಹಳೇ ಕಾಲದ ಮಾತು. ಜಾಸ್ತಿ ಬಲಿತರೆ ಗಟ್ಟಿಯಾಗುತ್ತೆ, ತೆಗೆಯುವುದೇ ಕಷ್ಟ. ಬೇಸಿಗೆ ಕಳೆಯಲಿ ಅನ್ನುವುದೂ ಬೇಡ. ಬಿಸಿಲಿಗೂ ಆಪರೇಷನ್ನಿಗೂ ಸಂಬಂಧ ಇಲ್ಲ. ಸಕ್ಕರೆ ಹತೋಟಿಯಲ್ಲಿರಬೇಕು, ಅದು ಮುಖ್ಯ. ಹೇಗೂ ಸಕ್ಕರೆ ಇರುವವರು ಕಣ್ಣಿನ ಹಿಂದಿನ ನರದ ಪರದೆಯನ್ನೂ ತೋರಿಸಿಕೊಳ್ಳಬೇಕು, ಎರಡೂ ಒಟ್ಟಿಗೇ ಆಗುತ್ತೆ.

ದುಡ್ಡಿನ ಮಾತು ಎತ್ತಲೇಬೇಡಿ. ಅನು ಹೈಸ್ಕೂಲಿಗೆ ಖರ್ಚು ಬರುತ್ತೆ ಅಂತ ನೀವು ಹಿಂದೆ ಮುಂದೆ ನೋಡುತ್ತಿದ್ದೀರಿ ಅಂತ ಅಮ್ಮ ಬರೆದಿದ್ದಾಳೆ. ಅವಳದು ಸರ್ಕಾರಿ ಸ್ಕೂಲು, ನಮಗೆ ಏನೂ ಭಾರ ಇಲ್ಲ. ದುಬಾರಿ ಲೆನ್ಸೇ ಆಗಬೇಕೆಂದಿಲ್ಲ, ಸಾಮಾನ್ಯದ್ದು ಹಾಕಿಸಿದರೆ ದೂರದ್ದು ಚೆನ್ನಾಗಿ ಕಾಣುತ್ತೆ, ಓದಲು ಕನ್ನಡಕ ಬೇಕಾಗಬಹುದು. ಡಾಕ್ಟರು ಏನು ಹೇಳುತ್ತಾರೋ ಅದೇ ಹಾಕಿಸಿ. ನಾನು ಗುರು ಖಾತೆಗೆ ನಿನ್ನೆಯೇ ಹಾಕಿದ್ದೇನೆ. ಅದನ್ನು ತೋಟದ ಕೊಟ್ಟಿಗೆಗೆ ಬಳಸಬೇಡಿ ದಯವಿಟ್ಟು.

ಅನು ಬರುವವರೆಗೆ ಕಾಯುತ್ತೇನೆ ಅನ್ನಬೇಡಿ. ಅವಳಿಗೆ ರಜೆ ಸಿಗುವುದೇ ಜುಲೈ ಕೊನೆಗೆ. ಅಷ್ಟು ಹೊತ್ತಿಗೆ ಒಂದು ಕಣ್ಣಾದರೂ ಆಗಿರಬೇಕು. ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಬೇಡ, ಕಾರು ಮಾಡಿಕೊಂಡು ಹೋಗಿ. ಅಮ್ಮಾ ನೀನೂ ಜೊತೆಗೆ ಹೋಗು, ನಿನ್ನ ಕಣ್ಣೂ ತೋರಿಸು, ಸುಮ್ನೆ ನನಗೇನೂ ಇಲ್ಲ ಅನ್ನಬೇಡ.

ನಮ್ಮ ಬಗ್ಗೆ ಚಿಂತೆ ಬೇಡ. ಇಲ್ಲಿ ಏನೂ ತೊಂದರೆ ಇಲ್ಲ. ಮೊನ್ನೆ ಸಣ್ಣದಾಗಿ ಭೂಮಿ ನಡುಗಿದ್ದು ಟಿವಿಯಲ್ಲಿ ನೋಡಿದಿರೋ ಏನೋ, ಲೋಟ ಕೂಡ ಅಲ್ಲಾಡಲಿಲ್ಲ, ನಿಜವಾಗಲೂ. ಮಕ್ಕಳಿಗೆ ಸ್ಕೂಲಿನಲ್ಲೇ ಏನು ಮಾಡಬೇಕು ಅಂತ ಕಲಿಸಿರುತ್ತಾರೆ. ಇವರ ಆರೋಗ್ಯ ಚೆನ್ನಾಗಿದೆ, ನನ್ನದೂ ಚೆನ್ನಾಗಿದೆ, ಊಟ ಸರಿಯಾಗಿ ಮಾಡುತ್ತಿದ್ದೇವೆ, ಚಳಿಯೂ ಕಮ್ಮಿಯಾಗಿದೆ.

ಪೋಸ್ಟ್ ಆಫೀಸು 5 ಗಂಟೆಗೆ ಮುಚ್ಚುತ್ತೆ, ಓಡಬೇಕು. ಗುರು, ಡಾಕ್ಟರ ಹತ್ತಿರ ತಾರೀಕು ತಗೊಂಡ ತಕ್ಷಣ ಮೆಸೇಜು ಹಾಕು. ಸಕ್ಕರೆ ರಿಪೋರ್ಟ್ ಮರೆಯಬೇಡ, ಈಗ ನುಂಗುತ್ತಿರುವ ಎಲ್ಲ ಮಾತ್ರೆಯ ಚೀಟಿಯನ್ನೂ ತಗೊಂಡು ಹೋಗು.

ಇಂತಿ ನಿಮ್ಮ ಮಗಳು,
ಸುಮಾ