ಕೋರಸ್ ಬರೀ ಹಿನ್ನೆಲೆಯಲ್ಲ

ಮಾನ್ಯ ಸಂಪಾದಕರೇ,

ಗುಡ್ ಫ್ರೈಡೇ ಹೊತ್ತಿಗೆ ನಿಮ್ಮ ಸಾಪ್ತಾಹಿಕದಲ್ಲಿ ಜರ್ಮನ್ ಸಂಗೀತಕಾರ ಬಾಖ್‌ನ ಸೇಂಟ್ ಮ್ಯಾಥ್ಯೂ ಪ್ಯಾಶನ್ (ಯೇಸುವಿನ ಕೊನೆಯ ದಿನಗಳ ಕತೆ ಹೇಳುವ ಗಾಯನ ಕೃತಿ) ಬಗ್ಗೆ ಬಂದ ಬರಹ ಓದಿ ಖುಷಿಯಾಯಿತು. ಆದರೆ ಅದರಲ್ಲಿ ಒಂಟಿ ಗಾಯಕರದ್ದೇ ಗುಣಗಾನ. ಕೋರಸ್‌ನವರು ಹಿಂದೆ ನಿಂತು ಸುಮ್ನೆ ದನಿಗೂಡಿಸುವವರು ಎನ್ನುವ ಹಾಗಿತ್ತು. ಇದನ್ನು ಒಪ್ಪಲಾರೆ.

ನಾನು ಹಾಸನದವಳು, ಈಗ ನೆದರ್‌ಲೆಂಡ್ಸ್‌ನ ಆಮ್ಸ್ಟಲ್ವೀನ್‌ನಲ್ಲಿದ್ದೇನೆ. ಈಸ್ಟರ್‌ಗೆ ಮುಂಚಿನ ವಾರಗಳಲ್ಲಿ ಇಲ್ಲಿ ಎಷ್ಟೋ ಊರಿನ ಚರ್ಚುಗಳಲ್ಲಿ ಈ ಕೃತಿ ಹಾಡುತ್ತಾರೆ. ನನ್ನಂಥ ಹವ್ಯಾಸಿಗಳೂ ಹಾಡುತ್ತಾರೆ. ಕೃತಿಗೆ ಎರಡು ಕೋರಸ್, ಎರಡು ವಾದ್ಯಮೇಳ. ನಾನು ಎರಡನೇ ಕೋರಸ್‌ನಲ್ಲಿ ಆಲ್ಟೋ, ಅಂದರೆ ಹೆಂಗಸರ ತಗ್ಗು ದನಿ. (1727ರಲ್ಲಿ ಲೈಪ್‌ಜಿಗ್‌ನ ಸೇಂಟ್ ಥಾಮಸ್ ಚರ್ಚಿನಲ್ಲಿ ಮೊದಲು ಹಾಡಿದಾಗ ಹೆಂಗಸರಿಗೆ ಜಾಗವೇ ಇರಲಿಲ್ಲ!) ಶುರುವಿನಲ್ಲಿ ಮೊದಲನೇ ಕೋರಸ್ ‘ನೋಡಿ’ ಅಂತ ಕರೆಯುತ್ತದೆ. ನಾವು ‘ಯಾರನ್ನ? ಹೇಗೆ? ಏನನ್ನ?’ ಅಂತ ಕೇಳಬೇಕು. ಜರ್ಮನ್‌ನಲ್ಲಿ ಪುಟ್ಟ ಪುಟ್ಟ ಪದಗಳು. ಹಾಡುವುದೇನೋ ಸುಲಭ, ತಾಳ ಎಣಿಸುತ್ತಾ ನಿಂತು ಸರಿಯಾದ ಜಾಗಕ್ಕೆ ಎತ್ತಿಕೊಳ್ಳುವುದೇ ಕಷ್ಟ.

ಯೇಸು ಶಿಷ್ಯರ ಜೊತೆ ಮಾಡುವ ಕೊನೆಯ ಭೋಜನದ ಭಾಗ ಕೇಳಿ. ‘ನಿಮ್ಮಲ್ಲೊಬ್ಬ ನನ್ನನ್ನು ಹಿಡಿದುಕೊಡುತ್ತಾನೆ’ ಅನ್ನುತ್ತಾನೆ ಯೇಸು. ಮೊದಲನೇ ಕೋರಸ್ ಶಿಷ್ಯರಾಗಿ ‘ಸ್ವಾಮೀ, ನಾನಾ?’ ಅಂತ ಗಾಬರಿಯಲ್ಲಿ ಕೇಳುತ್ತದೆ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು. ಎಣಿಸಿದರೆ ಆ ಪ್ರಶ್ನೆ ಬರುವುದು 11 ಸಲ. ಶಿಷ್ಯರು 12 ಜನ, ಅಲ್ವಾ? ಹಿಡಿದುಕೊಡಲಿರುವ ಶಿಷ್ಯ ಯೂದ ಇಲ್ಲಿ ಬಾಯಿ ಬಿಡುವುದಿಲ್ಲ. ಅದರ ಬೆನ್ನಿಗೇ ಎರಡೂ ಕೋರಸ್ ಸೇರಿ, ಭಕ್ತರು ಚರ್ಚಿನಲ್ಲಿ ಹಾಡುತ್ತಿದ್ದ ಹಳೆಯ ಧಾಟಿಯಲ್ಲಿ, ‘ನಾನೇ, ಶಿಕ್ಷೆ ಆಗಬೇಕಾದ್ದು ನನಗೇ’ ಎನ್ನುತ್ತೇವೆ. ಪ್ರಶ್ನೆ ಶಿಷ್ಯರದ್ದು, ತಪ್ಪೊಪ್ಪಿಗೆ ಕೂತು ಕೇಳುವವರ ಪರವಾಗಿ.

ಮುಂದೆ, ಯೇಸು ಮತ್ತು ಬರಬ್ಬ ಎಂಬ ಕೈದಿ, ಇವರಲ್ಲಿ ಯಾರನ್ನು ಬಿಡಲಿ ಎಂದು ರೋಮನ್ ಅಧಿಕಾರಿ ಪಿಲಾತ ಜನರನ್ನು ಕೇಳಿದಾಗ ‘ಬರಬ್ಬ!’ ಅಂತ ಕಿರುಚುವುದೂ ನಾವೇ. ಎರಡೂ ಕೋರಸ್‌ನ ಒಂದೇ ಒಂದು ಕರ್ಕಶ ಕೂಗು, ಅಷ್ಟೇ. ಹಾಡುವ ನಮಗೇ ಮೈ ಜುಮ್ಮೆನ್ನುತ್ತದೆ. ಇದು ಹಿನ್ನೆಲೆಯಾ?

ಇನ್ನೊಂದು ಸಲ ಇಂಥ ಬರಹ ಹಾಕುವಾಗ ಹಾಡಿನ ಕೆಲವು ಸಾಲುಗಳನ್ನು ಕನ್ನಡದಲ್ಲಿ ಕೊಡಿ. ಎರಡೂವರೆ ಗಂಟೆಗೂ ಜಾಸ್ತಿ ಹೊತ್ತಿನ ಕೃತಿ. ಮಾತು ತಿಳಿಯದೆ ಕೂತರೆ ಅರ್ಧಕ್ಕೇ ಆಕಳಿಕೆ ಬರುತ್ತದೆ. ಪೂರ್ತಿ ಬೇಡ. ಕೋರಸ್‌ನವರು ಯಾವಾಗ ಶಿಷ್ಯರು, ಯಾವಾಗ ರೊಚ್ಚಿಗೆದ್ದ ಗುಂಪು, ಯಾವಾಗ ಭಕ್ತರು ಅಂತ ಗುರುತು ಹಾಕಿಕೊಟ್ಟರೂ ಸಾಕು.

— ಓದುಗಿ, ಆಮ್ಸ್ಟಲ್ವೀನ್